ಕಿರ್ ಅಂದಿದ್ದಕ್ಕೆಲ್ಲ ಒಂದು ಫುಸ್

ಸೆಪ್ಟೆಂಬರ್ 4, ಗುರುವಾರ

ಇವತ್ತು ಬೆಳಿಗ್ಗೆ ಅಂಗಡಿಯ ಷಟರಿನ ಬೀಗದಲ್ಲಿ, ಕೀ ತೂರುವ ತೂತಿನ ಸುತ್ತ, ಒಂದು ಕಪ್ಪು ಉಂಗುರ ಕಂಡಿತು. ಕಾಡಿಗೆ ತೀಡಿದ ಕಣ್ಣಿನ ಹಾಗಿತ್ತು. ಮುಟ್ಟಿದೆ, ಅಂಟು. ಬೆರಳನ್ನು ಬೆಳಕಿಗೆ ಹಿಡಿದರೆ ಕಪ್ಪಿನೊಳಗೆ ಕೆಂಪು. ಅಷ್ಟರಲ್ಲಿ ಅತ್ತೆ, ಆಪರೇಷನ್ನಾದ ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ, ಕೈಯಲ್ಲಿ ಸ್ಪ್ರೇ ಡಬ್ಬಿ, "ಆ ಕಡಿ ಸರಿ" ಎಂದವಳೇ ಆ ತೂತಿಗೆ ಫುಸ್ ಎಂದು ಹೊಡೆದಳು.

"ದಿನಾ ಹೊಡೀಬೇಕವಾ. ಇಲ್ಲಂದ್ರ ತೆಗಿಯಾಂಗಿಲ್ಲ."

ಹೊಡೆದರೂ ತೆರೆಯಲಿಲ್ಲ. ಕಡೆಗೆ ಇಬ್ಬರೂ ಸೇರಿ ಕೀ ಹಿಡಿದು ತಿರುಗಿಸಿ ತೆಗೆದೆವು. ದಿನಾ ಹೊಡೆಯುವುದರಿಂದಲೇ ಹೀಗಾಗಿರಬಹುದೇ ಎಂದು ಅನ್ನಿಸಿತು.

ಮರುಳಸಿದ್ದಮ್ಮ ಅತ್ತೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಹೊಸಪೇಟೆಯ ಈ ಹಾರ್ಡ್‌ವೇರ್ ಅಂಗಡಿಯನ್ನು ಒಬ್ಬಳೇ ನಡೆಸಿದವಳು. ಕಣ್ಣಿಗೆ ಧೂಳು ತಾಗಬಾರದೆಂದು ಡಾಕ್ಟರು ಹೇಳಿದ್ದಾರೆ. ಎಂ.ಎ. ಮುಗಿಸಿ ಕಂಪ್ಲಿಯ ಮನೆಯಲ್ಲಿ ಪುಸ್ತಕದೊಳಗೆ ತಲೆ ಹುದುಗಿಸಿ ಕೂತಿದ್ದ ನನ್ನನ್ನು ಅಪ್ಪ ಬಸ್ಸು ಹತ್ತಿಸಿದರು. ದಸರೆಯ ತನಕ ಕೌಂಟರಿನಲ್ಲಿ ನಾನು, ಹಿಂದಿನ ಮನೆಯಲ್ಲಿ ಅತ್ತೆ. ನಡುವೆ ಒಂದು ಹೂವಿನ ಚಿತ್ತಾರದ ಪರದೆ.

ಮಧ್ಯಾಹ್ನ ರೊಟ್ಟಿ ಬಡಿಸುತ್ತ ಅತ್ತೆ ನೇರವಾಗಿ ಹೇಳಿದಳು: "ಬಾಜೂಕಿನ ಮೊಬೈಲ್ ಅಂಗಡಿ ಬಸವಕುಮಾರ ಈ ಜಾಗ ಕೇಳಾಕತ್ತಾನ. ನನಗೂ ವಯಸ್ಸಾತು. ನವಮಿಗೆ ಇಲ್ಲೇ ಪೂಜಿ ಮಾಡ್ತೀನಿ. ಅಷ್ಟರೊಳಗ ನಡೆಸೋರು ಯಾರರ ಅದಾರ ಅನ್ಸಿದ್ರ ಅಂಗಡಿ ಇಟ್ಕೊಂತೀನಿ. ಇಲ್ಲಂದ್ರ ದಶಮಿ ದಿನ ಬನ್ನಿ ಕೊಟ್ಟು, ಕೀನೂ ಕೊಟ್ಟುಬಿಡ್ತೀನಿ."

ನನ್ನ ಕಡೆ ನೋಡದೆ ಹೇಳಿದಳು. ಅದೇ ಹೆಚ್ಚು ತಾಗಿತು.

ಆದರೆ ನನಗೆ ಲಿಂಗರಾಜಣ್ಣ ತೋರಣಗಲ್ಲಿನ ಒಂದು ಕಂಪನಿಯಲ್ಲಿ ಕೆಲಸ ನೋಡಿದ್ದಾನೆ. ಅವನು ದೊಡ್ಡಪ್ಪನ ಮಗ, ಹೇಳಿದ್ದನ್ನು ಮಾಡಿಯೇ ತೀರುವವನು. ಹಳೆಯ ಕಾಗದಪತ್ರ ಜೋಡಿಸಿಡುವ ಕೋಣೆ. ಎ.ಸಿ. ಇದೆ. ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ನನಗೆ ಇದಕ್ಕಿಂತ ಇನ್ನೇನು ಬೇಕು? ಸಂಜೆ ಅವನು ಫೋನು ಮಾಡಿದ. ನಾನು ಎತ್ತದೆ, ಆಮೇಲೆ "ಆಗಲಿ ಅಣ್ಣ" ಎಂದು ಮೆಸೇಜು ಹಾಕಿದೆ. ಫೋನಿನಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಮಾತು ಎಲ್ಲಿ ನಿಲ್ಲಿಸಬೇಕೆಂದು ನನಗೆ ತಿಳಿಯುವುದಿಲ್ಲ.

ಗಿರಾಕಿಗಳ ಹತ್ತಿರ ಇವತ್ತು ನಾನು ಆಡಿದ್ದು: ಹ್ಞೂಂ.

ಸೆಪ್ಟೆಂಬರ್ 6, ಶನಿವಾರ

ಈ ಅಂಗಡಿಯಲ್ಲಿ ಮಾತಾಡುವುದು ಪರದೆ. ಗಿರಾಕಿ ಬಂದು ನನ್ನ ಮುಖ ನೋಡುತ್ತಾರೆ, ನಾನು ಅವರ ಕೈ ನೋಡುತ್ತೇನೆ, ಆಮೇಲೆ ಅವರು ಪರದೆಗೆ ಹೇಳುತ್ತಾರೆ.

"ಸಿದ್ದಮ್ಮಾರ, ಬಾಗಿಲಾ ಕಿರ್ ಅನ್ನಾಕತ್ತೈತ್ರಿ!"

"ಒಂದ್ ಫುಸ್ ಹೊಡೀರಿ, ಆತು!" ಎನ್ನುತ್ತದೆ ಪರದೆ. "ಸ್ಫೂರ್ತೀ, ಕೊಡವಾ!"

ಫ್ಯಾನು ಸದ್ದು ಮಾಡಿದರೆ ಫುಸ್. ನಲ್ಲಿ ತಿರುಗದಿದ್ದರೆ ಫುಸ್. ಸೈಕಲ್ಲು, ಬೀಗ, ಹೊಲಿಗೆ ಮಷಿನ್ನು, ಗೋಡೆಗೆ ಹತ್ತಿದ ಸ್ಟಿಕ್ಕರು, ಎಲ್ಲಕ್ಕೂ ಅದೇ ಡಬ್ಬಿ. ಜನ ಅದನ್ನು ಸ್ಪ್ರೇ ಎಂದೂ ಕೇಳುವುದಿಲ್ಲ, "ಒಂದು ಫುಸ್ ಕೊಡ್ರಿ" ಎನ್ನುತ್ತಾರೆ. ಅತ್ತೆ ಊರಿಗೇ ಕಲಿಸಿದ ಹೆಸರು ಅದು.

ಸೆಪ್ಟೆಂಬರ್ 9, ಮಂಗಳವಾರ

ಉಜ್ಜಿನಪ್ಪಜ್ಜ ಬಂದಿದ್ದರು. ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅತ್ತೆಯ ಹಳೆಯ ಗಿರಾಕಿ. ಡಬ್ಬಿ ತೆಗೆದುಕೊಂಡವರು ಅಲ್ಲೇ ಬೆಂಚಿನ ಮೇಲೆ ಕೂತು, ಧೋತರ ಮೇಲೆ ಸರಿಸಿ, ಮೊಣಕಾಲಿಗೆ ಹೊಡೆಯಲು ಹಿಡಿದರು. ನನ್ನ ಕೈ ತಾನಾಗಿಯೇ ಹೋಗಿ ಡಬ್ಬಿಯನ್ನು ಹಿಡಿದುಕೊಂಡಿತು.

"ಬ್ಯಾಡ್ರಿ ಅಜ್ಜಾರ."

"ಯಾಕವಾ? ಬಾಗಿಲಾ ಕಿರ್ ಅಂದ್ರ ಹೊಡೀತೀವಿ. ಮಣಕಾಲು ಕಿರ್ ಅಂದ್ರ ಹೊಡೀಬಾರ್ದೇನು?"

ನಾನು ಡಬ್ಬಿಯನ್ನು ಬಿಡಲಿಲ್ಲ. ಅವರು ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡು ಕೂತೆವು. ಕಡೆಗೆ ಪರದೆಯ ಹಿಂದಿನಿಂದ ಅತ್ತೆ ನಕ್ಕಳು: "ಉಜ್ಜಿನಪ್ಪಾರ, ನಿಮ್ಮ ಮಣಕಾಲಿಗೆ ಬಿಜಾಗ್ರಿ ಹಾಕಿಸ್ಕೊಂಡು ಬರ್ರಿ ಮೊದ್ಲು. ಆಮ್ಯಾಲ ಫುಸ್ ಹೊಡಿಯೂಣಂತ."

ಅಜ್ಜ ಡಬ್ಬಿ ಬಿಟ್ಟು ಹೋದರು. ಬಾಗಿಲಿಗೆ ಒಳ್ಳೆಯದಾದದ್ದು ಮನುಷ್ಯರಿಗೆ ಯಾಕೆ ಒಳ್ಳೆಯದಲ್ಲ? ಅದಿರಲಿ, ಬಾಗಿಲಿಗಾದರೂ ಒಳ್ಳೆಯದೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ದಿನವೆಲ್ಲ ಮಾರುತ್ತಿದ್ದೇನೆ.

ಸೆಪ್ಟೆಂಬರ್ 12, ಶುಕ್ರವಾರ

ಅಂಗಡಿಯಲ್ಲಿ ಓದಲು ಏನೂ ಇಲ್ಲವೆಂದುಕೊಂಡಿದ್ದೆ. ಡಬ್ಬಿಯ ಹಿಂಭಾಗವಿದೆ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ. ನಾವೇ ಮಾರುವ ಭೂತಗನ್ನಡಿ ಹಿಡಿದು ಓದಿದೆ. ಓದಿ ಸುಮ್ಮನಿರಲಾಗದೆ ಪ್ರಯೋಗಕ್ಕೂ ಇಳಿದೆ.

ಹಿತ್ತಲಿನ ಬಾಗಿಲ ಬಿಜಾಗರಿಗೆ ಮಂಗಳವಾರವೇ ಹೊಡೆದಿದ್ದೆ. ಆವತ್ತು ಬಾಗಿಲು ಮೌನವ್ರತ ಹಿಡಿದಿತ್ತು. ಇವತ್ತು ಮತ್ತೆ ಕಿರ್. ಹೊಸ ಸ್ಟೀಲಿನ ತಟ್ಟೆಯ ಸ್ಟಿಕ್ಕರಿಗೆ ಹೊಡೆದು ಸ್ವಲ್ಪ ಬಿಟ್ಟರೆ ಹಾಲಿನ ಕೆನೆಯ ಹಾಗೆ ಸರಿದು ಬಂತು (ಆಮೇಲೆ ಸೋಪು ಹಾಕಿ ಎರಡು ಸಲ ತೊಳೆದೆ). ಮಳೆಗೆ ನೆಂದ ಅತ್ತೆಯ ಸ್ಕೂಟಿ ಸ್ಟಾರ್ಟಾಗದಿದ್ದಾಗ ಪ್ಲಗ್ಗಿನ ವೈರಿಗೆ ಹೊಡೆದೆ. ನೀರು ಬಿಟ್ಟೋಡಿತು, ಗಾಡಿ ಸ್ಟಾರ್ಟಾಯಿತು. ತುಕ್ಕು ಹಿಡಿದು ಬಿಗಿದುಕೊಂಡಿದ್ದ ನಟ್ಟಿಗೆ ಹೊಡೆದು ಊಟ ಮುಗಿಸಿ ಬರುವಷ್ಟರಲ್ಲಿ ಅದು ಸಡಿಲು.

ಹಾಗಾದರೆ ಅದು ಎಣ್ಣೆಯಲ್ಲ. ಮುಕ್ಕಾಲು ಪಾಲು ಆರಿಹೋಗುವ ದ್ರಾವಕ, ಅದರ ಜೊತೆ ಒಂದಿಷ್ಟು ತೆಳು ಎಣ್ಣೆ. ಒಳಗೆ ನುಗ್ಗುತ್ತದೆ, ಬಿಗಿದದ್ದನ್ನು ಬಿಡಿಸುತ್ತದೆ, ಕೊಳೆ ಕರಗಿಸುತ್ತದೆ, ಹೊರಟುಹೋಗುತ್ತದೆ. ಜಗಳ ಬಿಡಿಸಿ, ಚಹಾಕ್ಕೂ ನಿಲ್ಲದೆ ಹೋಗುವ ನೆಂಟನ ಹಾಗೆ. ಸಂಸಾರ ನಡೆಸಲು ಅವನು ಸಿಗುವುದಿಲ್ಲ. ಅದಕ್ಕೆ ಎಣ್ಣೆ ಬೇಕು, ಗ್ರೀಸು ಬೇಕು. ಅವೂ ನಮ್ಮ ಅಂಗಡಿಯಲ್ಲೇ ಇವೆ, ಕೆಳಗಿನ ಖಾನೆಯಲ್ಲಿ, ಧೂಳು ತಿನ್ನುತ್ತ.

ಹಿತ್ತಲಿನ ಬಿಜಾಗರಿಯನ್ನು ಒರೆಸಿ ಗ್ರೀಸು ಹಚ್ಚಿದೆ.

ಸೆಪ್ಟೆಂಬರ್ 16, ಮಂಗಳವಾರ

ಹಿತ್ತಲಿನ ಬಾಗಿಲು ಇನ್ನೂ ಮೌನ. ಅತ್ತೆ ಎರಡು ಸಲ ಬೆಚ್ಚಿದಳು: "ಸದ್ದಿಲ್ದ ಬರಬ್ಯಾಡಲೇ, ಕಳ್ಳ ಬಂದಂಗ ಆಗ್ತೈತಿ!"

ಹನ್ನೊಂದರ ಹೊತ್ತಿಗೆ ಹಂಪೇಶ್ ಎಂಬವರು ಬಂದರು. ಸಂಡೂರಿನ ಕಡೆ ಗಣಿಯಲ್ಲಿ ಸೂಪರ್‌ವೈಸರ್. ನಮ್ಮ ಓಣಿಯ ಅಳಿಯ. ಹೆಂಡತಿ ಶಿಲ್ಪಶ್ರೀ ತವರಿಗೆ ಬಂದಿದ್ದಾಳೆ. ಹೊಸ ಬೈಕು. ದಿನಾ ಚೈನಿಗೆ ಫುಸ್ ಹೊಡೆದರೂ ಕಟಕಟ ಎನ್ನುತ್ತದಂತೆ. ಹೋಗಿ ಬಗ್ಗಿ ನೋಡಿದೆ. ಚೈನಿನ ಉದ್ದಕ್ಕೂ ಕೆಂಪು ಚಟ್ನಿ! ರೊಟ್ಟಿಗೆ ಹಚ್ಚಿಕೊಳ್ಳುವಷ್ಟು ನುಣ್ಣಗೆ. ಅದಿರಿನ ಧೂಳು ಹಸಿಯ ಮೇಲೆ ಕೂತು, ಮತ್ತೆ ಹೊಡೆದು, ಮತ್ತೆ ಕೂತು, ಒಳಗೇ ಅರೆದುಕೊಂಡಿದೆ. ಅದು ಚೈನನ್ನೂ ಅರೆಯುತ್ತಿದೆ. ನಮ್ಮ ಬೀಗದ ಕಪ್ಪಿನೊಳಗಿನ ಕೆಂಪೂ ಇದೇ ಎಂದು ಅಲ್ಲಿ ಬಗ್ಗಿದಾಗಲೇ ಹೊಳೆಯಿತು.

ನನಗೆ ಹೇಳಲು ಬಹಳ ಇತ್ತು. ಬಾಯಿಗೆ ಬಂದದ್ದು ಇಷ್ಟು: "ಸ್ಪ್ರೇ ಕ್ಲೀನ್ ಮಾಡಾಕಷ್ಟ ರಿ."

"ಅಂದ್ರ?"

"ಚೈನ್‌ಗೆ ಇದು." ಚೈನಿನ ಎಣ್ಣೆಯ ಬಾಟಲಿ ಮುಂದಿಟ್ಟೆ.

"ಕ್ಲೀನ್ ಮಾಡಾಕ ಮಾತ್ರ. ಹಿಂಗ ಬಿಡಿಸಿ ಹೇಳಿದ್ರ ತಿಳೀತದ ನೋಡ್ರಿ," ಎಂದು ಅವರು ಎರಡನ್ನೂ ಒಯ್ದರು.

ಪರದೆ ಸುಮ್ಮನಿರಲಿಲ್ಲ. "ಅದು ಬ್ಯಾಡ ಇದು ಬ್ಯಾಡ ಅನ್ನಾಕ ಅಂಗಡಿ ಯಾಕ ಬೇಕಲೇ? ಮಠ ಕಟ್ಟಿಸಿ ಕುಂದ್ರು!"

ಸೆಪ್ಟೆಂಬರ್ 17, ಬುಧವಾರ

ಮಳೆ. ಮೊಳೆ ಕೇಳಲೂ ಯಾರೂ ಬರಲಿಲ್ಲ. ಲಿಂಗರಾಜಣ್ಣನ ಮೆಸೇಜು: ಅಕ್ಟೋಬರ್ ಆರು ಸೋಮವಾರ, ಕೆಲಸಕ್ಕೆ ಸೇರಬೇಕು. "ಆಗಲಿ ಅಣ್ಣ."

ಸೆಪ್ಟೆಂಬರ್ 23, ಮಂಗಳವಾರ

ಹಬ್ಬ ನಿನ್ನೆಯಿಂದ ಶುರು. ಇವತ್ತು ಹುಲುಗಮ್ಮ ಬಂದು ಕೌಂಟರಿನ ಮೇಲೆ ಡಬ್ಬಿಯನ್ನು ಧಡ್ ಎಂದು ಇಟ್ಟಳು. ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ಒಂದು ಮಷಿನ್ನಿನ ಮೇಲೆಯೇ ಮನೆ ನಡೆಯುತ್ತದೆ.

"ಎಲ್ಲಿ ಅದಾಳ ನಿಮ್ಮ ಅತ್ತಿ? ಏ ಸಿದ್ದಕ್ಕಾ! ನಿನ್ನ ಫುಸ್ ಹೊಡದು ನನ್ನ ಮಷಿನ್ ಕಲ್ಲಾಗೈತಿ! ಹಬ್ಬದ ಜಂಪರ್ ಎಲ್ಲಾ ಅರ್ಧ ಹೊಲ್ದು ನಿಂತಾವ. ಓಣಿ ಹೆಂಗಸ್ರು ಅರ್ಧ ತೋಳಿನಾಗ ಬನ್ನಿ ಕೊಡಾಕ ಹೋಗಬೇಕೇನು?"

ಪರದೆಯ ಹಿಂದಿನಿಂದ ಮೆಲ್ಲಗೆ, "ಇನ್ನೊಂದ್ ಫುಸ್ ಹೊಡದ್ ನೋಡಬೇಕಿತ್ತು ಹುಲುಗವ್ವಾ," ಎಂದಳು ಅತ್ತೆ.

"ಇಡೀ ಡಬ್ಬಿ ಹೊಡದೀನಿ!"

ಹುಲುಗಮ್ಮನ ಕಣ್ಣಲ್ಲಿ ನೀರಿತ್ತು. ಬೈಯುತ್ತಲೇ ಸೆರಗಿನಿಂದ ಒರೆಸಿಕೊಂಡಳು. ಹೊರಗೆ ಬಸವಕುಮಾರ್ ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಈ ಮಾತು ಸಂಜೆಯೊಳಗೆ ಓಣಿಯೆಲ್ಲ ಸುತ್ತುತ್ತದೆ. ಹಾಗಾದರೆ ನವಮಿಯ ತನಕ ಕಾಯುವುದೇ ಬೇಡ, ಅತ್ತೆ ನಾಳೆಯೇ ಕೀ ಕೊಟ್ಟಾಳು.

"ನಾ ಬಂದು ನೋಡ್ಲೇನ್ರಿ?" ಎಂದೆ.

ಹುಲುಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗ ಬಾಯಿ ಐತೇನು?"

ಸೆಪ್ಟೆಂಬರ್ 24, ಬುಧವಾರ

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋದೆ. ಅವಳು ಒಲೆಯ ಮೇಲೆ ಚಹಾ ಇಟ್ಟಿದ್ದಳು. ಮೊದಲು ಒಲೆ ಆರಿಸಲು ಹೇಳಿದೆ, ಕಿಟಕಿ ತೆಗೆಸಿದೆ, ಮೋಟರಿನ ಪ್ಲಗ್ಗು ಕಿತ್ತೆ. "ಚಾ ಕುಡಿಯೋದು ಬಿಟ್ಟು ಇದೇನು ಮಡಿ?" ಎಂದಳು. ಈ ಫುಸ್ಸಿನ ಗಾಳಿಗೆ ಬೆಂಕಿ ಹತ್ತುತ್ತದೆ ಎಂದೆ. ಈ ಸಲ ಬಿಡಿಸಿಯೇ ಹೇಳಿದೆ, ಯಾಕೆಂದರೆ ಅವಳು ಪ್ರತಿಯೊಂದಕ್ಕೂ "ಯಾಕ?" ಎನ್ನುತ್ತಾಳೆ.

ಫುಸ್ಸು ಒಳಗಿದ್ದ ನಿಜವಾದ ಎಣ್ಣೆಯನ್ನೆಲ್ಲ ತೊಳೆದುಬಿಟ್ಟಿತ್ತು. ತಾನು ಆರಿಹೋಗಿ, ಉಳಿದ ಜಿಡ್ಡಿಗೆ ದಾರದ ಜುಂಗು ಮೆತ್ತಿ ಮುದ್ದೆಯಾಗಿತ್ತು. ಮುದ್ದೆಯನ್ನು ಬಿಡಿಸಲು ಮತ್ತೆ ಅದೇ ಫುಸ್ಸು ಬೇಕು! ಅದನ್ನು ಕೇಳಿ ಹುಲುಗಮ್ಮ ಕತ್ತರಿ ಎತ್ತಿದಳು. "ಕೆಡಿಸಿದ್ದೂ ಅದಾ, ಸುಧಾರಿಸೋದೂ ಅದಾ?"

"ಕೊಳಿ ತೆಗಿಯಾಕ ಅದು ಶ್ಯಾಣ್ಯಾ ರಿ. ಎಣ್ಣಿ ಕೆಲ್ಸ ಕೊಟ್ಟಿದ್ದು ನಮ್ಮ ತಪ್ಪು."

ಬಾಬಿನ್ ಕೇಸು ಬಿಚ್ಚಿ, ಹೊಡೆದು, ಕಾದು, ಹಳೆಯ ಬನಿಯನ್ನಿನ ಚೂರುಗಳಿಂದ ಒರೆಸುತ್ತ ಹೋದೆವು. ಬಟ್ಟೆಗೆ ಬರುವ ಕಪ್ಪು ನಿಂತ ಮೇಲೆ ಚೆನ್ನಾಗಿ ಆರಲು ಬಿಟ್ಟು, ತೂತು ತೂತಿಗೆ ಮಷಿನ್ ಎಣ್ಣೆ, ಒಂದೊಂದೇ ಹನಿ. ಗಾಲಿ ಮೊದಲು ಗೊಣಗಿತು. ಆಮೇಲೆ ಅರ್ಧ ತಿರುಗಿತು. ಆಮೇಲೆ ಹುಲುಗಮ್ಮ ಬೆರಳಿನಿಂದ ಮುಟ್ಟಿದ್ದೇ ತಡ, ಸರ್ರನೆ ಸುತ್ತಿತು. ಅವಳು ಚಿಂದಿ ಬಟ್ಟೆಯ ಮೇಲೆ ಒಂದು ಉದ್ದ ಹೊಲಿಗೆ ಹಾಕಿ, ಎಣ್ಣೆಯ ಕಲೆ ಬರುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಮೊದಮೊದಲು ಬಂತು, ಕಡೆಕಡೆಗೆ ಇಲ್ಲ.

"ನಿಮ್ಮ ಅತ್ತಿ ದನಿ ಜೋರು, ನಿನ್ನ ಕೈ ಜೋರು," ಎಂದಳು. ಆರಿಸಿದ್ದ ಒಲೆಯನ್ನು ಆಮೇಲೆ ಹಚ್ಚಿ ಚಹಾ ಮಾಡಿಕೊಟ್ಟಳು.

ಅಂಗಡಿಗೆ ಬಂದಾಗ ಅತ್ತೆ ಪರದೆಯಿಂದ ಅರ್ಧ ಹೊರಗೆ ಬಂದು ಕಾಯುತ್ತಿದ್ದಳು. "ತಿರುಗ್ತೇನು?" ಎಂದಳು, ಅಷ್ಟೇ. ತಿರುಗಿತು ಎಂದೆ. ಒಳಗೆ ಹೋಗಿ ಕೂತವಳು ಸ್ವಲ್ಪ ಹೊತ್ತಿನ ಮೇಲೆ ಕೂಗಿದಳು: "ಮಷಿನ್ ಎಣ್ಣಿ ಮ್ಯಾಲಿನ ಖಾನಿಗೆ ಇಡಲೇ. ಕಾಣೂ ಹಂಗ."

ಸೆಪ್ಟೆಂಬರ್ 28, ಭಾನುವಾರ

ಹುಲುಗಮ್ಮ ಬೈದದ್ದೂ ಓಣಿ ಸುತ್ತಿತು, ಮಷಿನ್ನು ತಿರುಗಿದ್ದೂ ಸುತ್ತಿತು. ಎರಡನೆಯದು ಹೆಚ್ಚು ದೂರ ಹೋದಂತಿದೆ. ಆಯುಧಪೂಜೆಗೆ ಮನೆಯಲ್ಲಿರುವುದನ್ನೆಲ್ಲ ತೊಳೆದು ಹೊಳೆಯಿಸುವ ದಿನಗಳು. ಬಂದವರು ಪರದೆಯನ್ನು ಬಿಟ್ಟು ನನ್ನನ್ನೇ ಕೇಳುತ್ತಾರೆ. ಪಾಪಿನಾಯಕನಹಳ್ಳಿಯಿಂದ ಒಬ್ಬರು ಪಂಪಿನ ನಟ್ಟು ಹಿಡಿದು ಬಂದರು (ಫುಸ್, ಕಾಯಿರಿ, ಸುತ್ತಿಗೆ ಬ್ಯಾಡ). ಒಬ್ಬಾಕೆ ಮಿಕ್ಸಿಯ ಜಾರು ತಂದಳು (ಬೇಡವೇ ಬೇಡ, ತಿನ್ನುವ ಪದಾರ್ಥ ಬೀಳುವ ಕಡೆ ಇದರ ಹನಿಯೂ ಬೇಡ). ಉಜ್ಜಿನಪ್ಪಜ್ಜ ಡಾಕ್ಟರು ಕೊಟ್ಟ ಮುಲಾಮಿನ ಟ್ಯೂಬು ತಂದು, "ಇದನ್ನ ಬಾಗಿಲಿಗೆ ಹಚ್ಚಬಹುದೇನವಾ?" ಎಂದರು. ನಗಿಸಲೆಂದೇ ಬಂದಿದ್ದರು.

ಮಧ್ಯಾಹ್ನ ಬಸವಕುಮಾರ್ ಬಂದ. ಅಳತೆಯ ಟೇಪು ಕೇಳಿದ, ಕೊಟ್ಟೆ. ಅದರಿಂದ ನಮ್ಮ ಅಂಗಡಿಯನ್ನೇ ಅಳೆಯತೊಡಗಿದ! ಗೋಡೆಯಿಂದ ಗೋಡೆಗೆ, ನನ್ನ ಸ್ಟೂಲಿನ ಕೆಳಗಿನಿಂದ.

"ಕಾಲು ಸ್ವಲ್ಪ ಎತ್ತು ತಂಗಿ. ಇಲ್ಲಿ ಗ್ಲಾಸಿನ ಶೋಕೇಸ್ ಬರ್ತದ."

ಕೆಟ್ಟವನಲ್ಲ. ನಮ್ಮ ಫುಸ್ಸಿನ ಬಗ್ಗೆ ಕೇಳಿ, ತನ್ನ ಅಂಗಡಿಯಿಂದ ಒಂದು ಸಣ್ಣ ಬಾಟಲಿ ತಂದು ತೋರಿಸಿದ. ಮೊಬೈಲಿನ ಬೋರ್ಡು ಒರೆಸುವ ಸ್ಪಿರಿಟ್ಟು. "ನಮ್ಮದು ಹೊಡದ್ರ ಒಣಗಿ ಹೋಗ್ತದ. ಜಿಡ್ಡು ಉಳಿಯಂಗಿಲ್ಲ. ನಿಮ್ಮದು ಬೋರ್ಡ್ ಮ್ಯಾಲ ಬಿದ್ರ ಮುಗೀತು." ಅಂಗೈಯ ಮೇಲೆ ಒಂದು ಹನಿ ಹಾಕಿದ. ತಣ್ಣಗಾಗಿ ಮಾಯವಾಯಿತು. ದ್ರಾವಕಗಳಲ್ಲೂ ಗುಣ ಬೇರೆ ಬೇರೆ. ಒಂದು ಕುರುಹು ಬಿಟ್ಟು ಹೋಗುತ್ತದೆ, ಒಂದು ಬಿಡದೆ ಹೋಗುತ್ತದೆ.

ಟೇಪನ್ನು ಜೇಬಿಗೆ ಹಾಕಿಕೊಂಡು ಹೋದ. ವಾಪಸು ಕೇಳಲು ನನಗೆ ನಾಚಿಕೆಯಾಯಿತು.

ಗ್ಲಾಸಿನ ಶೋಕೇಸು ಎಲ್ಲಿ ಬರುತ್ತದೋ ಅಲ್ಲಿ ಈಗ ಬೋಲ್ಟುಗಳ ಡ್ರಾಯರುಗಳಿವೆ. ಸಂಜೆ ಒಂದೊಂದನ್ನೇ ಎಳೆದು ನೋಡಿದೆ. ಸುಮ್ಮನೆ.

ಸೆಪ್ಟೆಂಬರ್ 30, ಮಂಗಳವಾರ

ಕೂತು ಬರೆಯಲು ಬಿಡುವಿಲ್ಲ. ಗಂಟಲು ಕಟ್ಟಿದೆ, ಯಾಕೋ ತಿಳಿಯದು. ಮಳೆಯ ತಂಪಿರಬೇಕು.

ಅಕ್ಟೋಬರ್ 1, ಬುಧವಾರ, ಮಹಾನವಮಿ

ಬೆಳಿಗ್ಗೆ ಅತ್ತೆ ಪರದೆಯಿಂದ ಪೂರ್ತಿ ಹೊರಗೆ ಬಂದಳು. ಇಳಕಲ್ ಸೀರೆ, ಪಟ್ಟಿ ಬಿಚ್ಚಿದ ಕಣ್ಣಿಗೆ ಕಪ್ಪು ಕನ್ನಡಕ. ತಕ್ಕಡಿ, ಸುತ್ತಿಗೆ, ಗರಗಸ, ಎಲ್ಲವನ್ನೂ ಸಾಲಾಗಿಟ್ಟು ವಿಭೂತಿ ಹಚ್ಚಿ, ಎಲ್ಲಕ್ಕಿಂತ ಮುಂದೆ ಫುಸ್ ಡಬ್ಬಿಗಳನ್ನು ಗೋಪುರ ಕಟ್ಟಿಟ್ಟು, ಅದರ ಕಾಲ ಬುಡದಲ್ಲಿ ಕರ್ಪೂರ ಇಟ್ಟಿದ್ದಳು.

"ಅತ್ತೀ, ಇವನ್ನ ತೆಗೀತೀನಿ."

"ಯಾಕ? ಇಷ್ಟ್ ವರ್ಷ ಅನ್ನಾ ಹಾಕ್ಯಾವ. ಅವೂ ಆಯುಧ ಅಲ್ಲೇನು?"

"ಹೌದು, ಆದ್ರ ಆರತಿ ತಗೊಳ್ಳೋ ಆಯುಧ ಅಲ್ಲ. ಕಾವು ಜೋರಾದ್ರ ಡಬ್ಬಿ ಒಡೀತಾವ. ಒಳಗಿಂದು ಹೊರಗ ಬಂದ್ರ ಭಗ್ ಅಂತ ಹತ್ತಿಕೊಂತದ. ನಮ್ಮ ಪೂಜಿ ನೋಡಾಕ ಫೈರ್ ಎಂಜಿನ್ನೂ ಬರ್ತದ."

ಅತ್ತೆ ನಕ್ಕಳು. ಡಬ್ಬಿಗಳನ್ನು ಒಳಗಿನ ಮೂಲೆಗೆ ಸಾಗಿಸಿ, ಒಂದಕ್ಕೆ ಮಾತ್ರ ಕುಂಕುಮವಿಟ್ಟು, ಅಲ್ಲಿಂದಲೇ ಕೈ ಮುಗಿದಳು. "ದೂರದಿಂದ ತಗೋಳಪಾ ನೀನು."

ಪೂಜೆ ಮುಗಿದು ಪ್ರಸಾದ ಹಂಚುತ್ತಿದ್ದೆ. ಎದುರು ಸಾಲಿನಲ್ಲಿ ಹಂಪೇಶರ ಮಾವನ ಮನೆಯ ಮುಂದೆ ಬೈಕಿಗೆ ಪೂಜೆಯಾಗಿತ್ತು. ಚೆಂಡುಹೂವಿನ ಹಾರ, ಹ್ಯಾಂಡಲ್ಲಿಗೆ ಬಾಳೆಕಂದು, ಎರಡು ಗಾಲಿಗಳ ಕೆಳಗೂ ನಿಂಬೆಹಣ್ಣು. ಶಿಲ್ಪಶ್ರೀ ಹಿಂದೆ ಕೂತಿದ್ದಳು, ಮಡಿಲಲ್ಲಿ ಹೋಳಿಗೆಯ ಡಬ್ಬಿ. ಸಂಡೂರಿಗೆ ಹೊರಟಿದ್ದರು. ಹಂಪೇಶ್ ನನ್ನನ್ನು ಕಂಡು ಅಲ್ಲಿಂದಲೇ ಕೈ ಬೀಸಿದರು.

"ಮೇಡಂ! ನೀವು ಹೇಳಿದಂಗ ಮಾಡೀನಿ ನೋಡ್ರಿ. ಚೈನಿಗೆ ಎಣ್ಣಿ. ಫುಸ್ ಬರೇ ಕ್ಲೀನ್ ಮಾಡಾಕ. ಇಡೀ ಗಾಡಿ ಅದರಾಗ ಒರಿಸೀನಿ, ಹೆಂಗ ಹೊಳೀತೈತಿ!"

ಹೊಳೆಯುತ್ತಿತ್ತು. ಟ್ಯಾಂಕು, ಸೈಲೆನ್ಸರು, ಕಡ್ಡಿಗಳು. ಮುಂದಿನ ಗಾಲಿಯ ಬ್ರೇಕಿನ ತಟ್ಟೆಯೂ. ಅದರ ಮೇಲೆ ಬಿಸಿಲು ಬಿದ್ದು, ರಸ್ತೆಯ ನೀರಿನಲ್ಲಿ ಪೆಟ್ರೋಲು ಬಿದ್ದಾಗ ಕಾಣುವ ಏಳು ಬಣ್ಣ ಕಂಡಿತು.

ಬ್ರೇಕು ಹಿಡಿಯುವುದೇ ಉಜ್ಜುವುದರಿಂದ. ಅಲ್ಲಿ ಜಿಡ್ಡು. ಮುಂದೆ ಸಂಡೂರು ರಸ್ತೆಯ ಇಳಿಜಾರು, ಅದಿರಿನ ಲಾರಿಗಳು. ನಾನು ಕ್ಲೀನ್ ಮಾಡಲು ಮಾತ್ರ ಎಂದಿದ್ದೆ. ಎಲ್ಲಿ ಮಾಡಬಾರದು ಎಂದು ಹೇಳಿರಲಿಲ್ಲ.

"ಹಂಪೇಶಣ್ಣಾ! ನಿಲ್ರೀ! ಹೋಗಬ್ಯಾಡ್ರೀ! ಬ್ರೇಕ್!"

ಪ್ರಸಾದದ ತಟ್ಟೆ ಕೆಳಗೆ ಬಿತ್ತೆಂದು ಆಮೇಲೆ ತಿಳಿಯಿತು. ಗಾಡಿ ನಿಂಬೆಹಣ್ಣು ತುಳಿದು ಮುಂದೆ ಬಂದಾಗಿತ್ತು. ಅವರು ಬೆಚ್ಚಿ ಬ್ರೇಕು ಹಿಡಿದರು. ಹಿಡಿದರೂ ಅದು, ಏನೂ ಕೇಳಿಸದವರ ಹಾಗೆ, ಸಾವಕಾಶವಾಗಿ ಓಣಿ ದಾಟಿ ಬಂದು ಬಸವಕುಮಾರನ ಬಾಗಿಲಿಗೆ ಕಟ್ಟಿದ್ದ ಬಾಳೆಕಂಬವನ್ನು ಅಪ್ಪಿಕೊಂಡು ನಿಂತಿತು. ಕಂಬ ಅವರ ಮೇಲೆ ಬಾಗಿ ಛತ್ರಿ ಹಿಡಿದಂತಾಯಿತು. ಒಡೆಯಲೆಂದು ಇಟ್ಟಿದ್ದ ಬೂದುಗುಂಬಳ ಉರುಳಿ ತಾನೇ ಒಡೆಯಿತು.

ಯಾರಿಗೂ ಏನೂ ಆಗಲಿಲ್ಲ. ಶಿಲ್ಪಶ್ರೀ ಹೋಳಿಗೆ ಡಬ್ಬಿಯನ್ನು ಎದೆಗವಚಿಕೊಂಡೇ ಕೇಳಿದಳು: "ಹಬ್ಬದ ದಿನ ಗಾಡಿಗೆ ಎಣ್ಣಿ ಸ್ನಾನ ಮಾಡಿಸೀರೇನು?"

ಎಲ್ಲರೂ ಸೇರಿದರು. ನಾನು ಓಣಿಯ ನಡುವೆ ನಿಂತು ಹೇಳಬೇಕಾದ್ದನ್ನು ಈ ಸಲ ಕಡೆಯ ತನಕ ಹೇಳಿದೆ. ಬ್ರೇಕಿನ ಹತ್ತಿರ ಫುಸ್ಸನ್ನು ತರಲೇಬಾರದು. ಮುಂದಿನ ಬ್ರೇಕಿಗೂ ಬೇಡ, ಹಿಂದಿನದಕ್ಕೂ ಬೇಡ, ಟಯರಿಗೂ ಬೇಡ. ಕರ್ಪೂರ ಉರಿಯುವ ಕಡೆ ಬೇಡ. ಬೀಗಕ್ಕೆ ದಿನಾ ಬೇಡ. ಯಾರೋ ಕೇಳಿದರು, ಫ್ಯಾನಿಗೆ? ಬೇಡ. ಮತ್ತೆ ಯಾತಕ್ಕೆ ಬೇಕು? ಅದನ್ನೂ ಹೇಳಿದೆ. ನೆನೆದದ್ದಕ್ಕೆ, ತುಕ್ಕಿಗೆ, ಅಂಟಿಗೆ, ಬಿಗಿದದ್ದಕ್ಕೆ.

"ಬಸವಕುಮಾರಣ್ಣಾರ, ನಿಮ್ಮ ಸ್ಪಿರಿಟ್ ಬಾಟ್ಲಿ ತರ್ರಿ. ದೀಪದ ಕಡಿಂದ ಬರಬ್ಯಾಡ್ರಿ."

ತಂದ. ಅವನೇ ಮೊಣಕಾಲೂರಿ ಬ್ರೇಕಿನ ತಟ್ಟೆಯನ್ನು ಒರೆಸಿದ, ಮೊಬೈಲಿನ ಗಾಜು ಒರೆಸುವಷ್ಟು ಪ್ರೀತಿಯಿಂದ. ಏಳು ಬಣ್ಣ ಹೋಯಿತು. ಆದರೂ ಪ್ಯಾಡು ಜಿಡ್ಡು ಕುಡಿದಿರುತ್ತದೆ, ಬದಲಾಯಿಸದೆ ಓಡಿಸಬೇಡಿ, ಗ್ಯಾರೇಜಿಗೆ ತಳ್ಳಿಕೊಂಡೇ ಹೋಗಿ ಎಂದೆ. ಹಂಪೇಶ್ ಒಪ್ಪಿದರು. ದಂಪತಿ ಬಸ್ಸಿನಲ್ಲಿ ಸಂಡೂರಿಗೆ ಹೋದರು. ಹೋಗುವ ಮುನ್ನ ಹೋಳಿಗೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗೆ ಎರಡು ಹೋಳಿಗೆ.

ಒಳಗೆ ಬಂದಾಗ ಅತ್ತೆ ಕನ್ನಡಕ ತೆಗೆದು, ಆಪರೇಷನ್ನಾದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

"ಅಷ್ಟ್ ಜೋರು ಕೂಗಿದ್ದು ಯಾರಲೇ?"

"ನಾನಾ."

"ಹಂಗೇನು? ನಾ ತಿಳ್ಕೊಂಡೆ ನನ್ನ ದನಿನಾ ಹೊರಗ ಹೋಗಿ ಕೂಗ್ತಂತ."

ಬಿದ್ದ ಪ್ರಸಾದವನ್ನು ಬಳಿದೆ. ಅಗತ್ಯ ಬಿದ್ದದ್ದರಿಂದ ಇವತ್ತು ಸ್ವಲ್ಪ ಮಾತಾಡಬೇಕಾಯಿತು. ಉಳಿದಂತೆ ಎಂದಿನ ಹಾಗೆಯೇ.

ಅಕ್ಟೋಬರ್ 2, ಗುರುವಾರ, ವಿಜಯದಶಮಿ

ಷಟರಿನ ಬೀಗವನ್ನು ನಿನ್ನೆ ಸಂಜೆಯೇ ಬಿಡಿಸಿಕೊಂಡು, ಅದರ ಜಾಗಕ್ಕೆ ಮಾರುವ ಬೀಗವೊಂದನ್ನು ಹಾಕಿದ್ದೆ. ಹಳೆಯದಕ್ಕೆ ಕಡೆಯ ಸಲ ಫುಸ್ಸು, ಕೆಂಪುಕಪ್ಪು ಕೆಸರೆಲ್ಲ ಇಳಿದು ಬರುವ ತನಕ. ಆಮೇಲೆ ಒರೆಸಿ, ಫ್ಯಾನಿನ ಕೆಳಗೆ ಆರಲು ಬಿಟ್ಟೆ. ಬೆಳಿಗ್ಗೆ ಈ ದಿನಚರಿ ಬರೆಯುವ ಪೆನ್ಸಿಲ್ಲಿನ ಕಡ್ಡಿಯನ್ನು ಬ್ಲೇಡಿನಿಂದ ಕೆರೆದು, ಆ ಪುಡಿಯನ್ನು ಕೀಗೆ ಸವರಿ ತೂರಿಸಿದೆ. ಅದು ಒಣ ಪುಡಿ, ನುಣುಪು ಕೊಡುತ್ತದೆ, ಧೂಳನ್ನು ಕರೆಯುವುದಿಲ್ಲ. ಕೀ ತಿರುಗಿತು. ಒಂದು ಬೆರಳು ಸಾಕಾಯಿತು.

"ಷಟರ್ ಇನ್ನಾ ತೆಗಿಲಿಲ್ಲೇನು?" ಎಂದು ಒಳಗಿನಿಂದ ಅತ್ತೆ. ತೆಗೆದು ಆಗಲೇ ಕಸ ಗುಡಿಸಿದ್ದೆ.

ಸಂಜೆ ಓಣಿಯೆಲ್ಲ ಬನ್ನಿ. ಹುಲುಗಮ್ಮ ಬಂದಳು, ಅವಳ ಹಿಂದೆ ಪೂರ್ತಿ ತೋಳಿನ ಹೊಸ ಬ್ಲೌಸುಗಳಲ್ಲಿ ನಾಲ್ಕೈದು ಹೆಂಗಸರು. ಉಜ್ಜಿನಪ್ಪಜ್ಜ ಕುಂಟುತ್ತಲೇ ಬಂದರು. ಕಡೆಗೆ ಬಸವಕುಮಾರ್ ಬಂದ, ಬಿಳಿ ಅಂಗಿ, ಕೈತುಂಬ ಬನ್ನಿ ಎಲೆ. ಅತ್ತೆಯ ಕಾಲಿಗೆ ನಮಸ್ಕರಿಸಿ ಎಲೆ ಕೊಟ್ಟು, "ಮತ್ತ, ಏನ್ ಮಾಡಿದ್ರಿ ಸಿದ್ದಮ್ಮಾರ?" ಎಂದ.

ಅತ್ತೆ ಪಲ್ಯದ ಸೌಟಿನಿಂದ ನನ್ನ ಕಡೆ ತೋರಿಸಿದಳು. "ಕೀ ಅವಳ ಹತ್ರ ಐತಿ. ಅವಳನ್ನ ಕೇಳು." ಅಷ್ಟು ಹೇಳಿ ಪರದೆಯ ಹಿಂದೆ ಹೋದಳು. ಹೋದಳು, ಆದರೆ ಪರದೆಯ ಕೆಳಗೆ ಅವಳ ಪಾದಗಳು ಅಲ್ಲೇ ನಿಂತಿದ್ದವು.

ಕೀ ನನ್ನ ಕೈಯಲ್ಲಿತ್ತು. ಪೆನ್ಸಿಲ್ಲಿನ ಪುಡಿ ಬೆರಳಿಗೆ ಬೆಳ್ಳಿಯ ಹಾಗೆ ಹತ್ತಿತ್ತು. ಇನ್ನೊಂದು ಕೈಯಿಂದ ಅವನಿಗೆ ಬನ್ನಿ ಕೊಟ್ಟೆ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಣ್ಣಾರ."

"ಇರೋಣ ತಂಗಿ, ಇರೋಣ."

"ಹಂಗ, ನಮ್ಮ ಟೇಪ್ ನಿಮ್ಮ ಹತ್ರ ಉಳದೈತಿ. ವಾಪಸ್ ಕೊಡ್ರಿ."

ಅವನು ನನ್ನ ಮುಖ ನೋಡಿದ, ಬೋಲ್ಟಿನ ಡ್ರಾಯರುಗಳನ್ನು ನೋಡಿದ, ಜೋರಾಗಿ ನಕ್ಕ. ಜೇಬಿನಿಂದ ಟೇಪು ತೆಗೆದು ಕೌಂಟರಿನ ಮೇಲಿಟ್ಟ. "ಆತು ಬಿಡವಾ. ನನ್ನ ಬಾಳೆಕಂಬ ಮುರಿಸಿದ್ದಕ್ಕ ಮುಂದಿನ ವರ್ಷ ನೀನಾ ತಂದು ಕಟ್ಟಬೇಕು ನೋಡು."

ಕಟ್ಟುತ್ತೇನೆ ಎಂದೆ. ಪರದೆಯ ಕೆಳಗಿನ ಪಾದಗಳು ಅಡುಗೆಮನೆಯ ಕಡೆ ಹೋದವು. ಪಲ್ಯ ಸೀಯುವ ವಾಸನೆ ಬರುತ್ತಿತ್ತು.

ಲಿಂಗರಾಜಣ್ಣನಿಗೆ ನಾಳೆ ಬೆಳಿಗ್ಗೆ ತಿಳಿಸಬೇಕು. ಮೆಸೇಜು ಬರೆಯಲು ಕೂತೆ. ಅಣ್ಣ, ಆ ಕೆಲಸಕ್ಕೆ ನಾನು ಬರುವುದಿಲ್ಲ ಎಂದು ಬರೆದು, ಯಾಕೆಂದು ಬರೆಯಹೋದರೆ ಬೀಗದಿಂದ ಶುರುಮಾಡಬೇಕಾಗುತ್ತದೆ. ಅಷ್ಟೆಲ್ಲ ಮೆಸೇಜಿನಲ್ಲಿ ಹಿಡಿಸುವುದಿಲ್ಲ. ಫೋನೇ ಮಾಡುತ್ತೇನೆ.